ಹತ್ತು ಹಸುವಿನ ಕ್ಯಾಮೆರಾ

1882ರ ಸುಮಾರಿಗೆ ಅಮೆರಿಕದ ಒಬ್ಬ ರೈತ ತನ್ನ ಹದಿನೇಳು ವರ್ಷದ ಮಗನಿಗೆ ಒಂದು ಕ್ಯಾಮೆರಾ ಮತ್ತು ಒಂದು ಮೈಕ್ರೊಸ್ಕೋಪ್ ಕೊಡಿಸಿದ. ಎರಡೂ ಸೇರಿ ಸುಮಾರು 100 ಡಾಲರ್. ಅವನ ಕೊಟ್ಟಿಗೆಯಲ್ಲಿದ್ದ ಹತ್ತು ಹಸುಗಳನ್ನು ಮಾರಿದರೆ ಎಷ್ಟು ಬರುತ್ತಿತ್ತೋ ಅಷ್ಟು ದುಡ್ಡು. ಮಗ ಅದರಿಂದ ಊರಲ್ಲಿ ಸ್ಟುಡಿಯೊ ಇಡುತ್ತೇನೆ, ಮದುವೆ ಫೋಟೊ ತೆಗೆಯುತ್ತೇನೆ ಅಂದಿದ್ದರೆ ಅಪ್ಪನಿಗೆ ಒಂದಿಷ್ಟು ಸಮಾಧಾನವಾದರೂ ಇರುತ್ತಿತ್ತು. ಅವನಿಗೆ ಬೇಕಾಗಿದ್ದು ಬೇರೆ. ಆಕಾಶದಿಂದ ಬೀಳುವ ಹಿಮದ ಹರಳುಗಳನ್ನು ಅವು ಕರಗುವ ಮೊದಲು ಫೋಟೊದಲ್ಲಿ ಹಿಡಿಯಬೇಕಿತ್ತು.

ನಮ್ಮೂರು ಅರಸೀಕೆರೆ ಕಡೆ. ಮನೆಯಲ್ಲಿ ಎರಡು ಹಸು ಇವೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತೇವೆ. ಹಾಗಾಗಿ ಹತ್ತು ಹಸು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಈ ಶನಿವಾರ ಊರಿಗೆ ಹೋಗಿ, ತೋಟದಲ್ಲಿ ಬಿದ್ದ ತೆಂಗಿನ ಗರಿಗಳ ಫೋಟೊ ತೆಗೆಯಬೇಕು, ಕೊಟ್ಟಿಗೆ ಖಾಲಿ ಮಾಡಿ ಅಂತ ನಾನು ಕೇಳಿದರೆ ಏನಾಗುತ್ತದೆ ಅಂತಲೂ ಗೊತ್ತು. ನಿಜ ಹೇಳಬೇಕೆಂದರೆ ಆ ಊರಿನವರಿಗೆ ಹಿಮ ನಮ್ಮ ತೆಂಗಿನ ಗರಿಗಿಂತ ಕಡೆ. ಗರಿಯನ್ನಾದರೂ ಒಲೆಗೆ ಹಾಕಬಹುದು. ಹಿಮವನ್ನು ಬೆಳಿಗ್ಗೆ ಎದ್ದು ಬಾಗಿಲಿನಿಂದ ಗೋರಿ ಆಚೆ ಎಸೆಯಬೇಕು, ಅಷ್ಟೇ.

ಆ ಹುಡುಗನ ಹೆಸರು ವಿಲ್ಸನ್ ಬೆಂಟ್ಲಿ. ಸ್ನೋಫ್ಲೇಕ್ ಬೆಂಟ್ಲಿ ಅಂದರೆ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನನಗೆ ಆತ ಸಿಕ್ಕಿದ್ದು ಫೋಟೊಗ್ರಫಿಯ ಪುಸ್ತಕದಲ್ಲಲ್ಲ, ಹೈಡ್ರಾಲಜಿ ಓದುವಾಗ. ಮಳೆಹನಿಯ ಗಾತ್ರವನ್ನು ಮೊದಮೊದಲು ಅಳೆದವರು ಯಾರು ಅಂತ ಹುಡುಕುತ್ತಾ ಹೋದರೆ, ಜರ್ಮನಿಯ ನೊಬೆಲ್ ವಿಜ್ಞಾನಿ ಫಿಲಿಪ್ ಲೆನಾರ್ಡ್ ಪಕ್ಕದಲ್ಲಿ ಈ ಹಾಲು ಕರೆಯುವವನ ಹೆಸರೂ ಇತ್ತು. ಆ ಮಳೆಯ ಕಥೆಗೆ ಆಮೇಲೆ ಬರುತ್ತೇನೆ.

ಬೆಂಟ್ಲಿ ಹುಟ್ಟಿದ್ದು 1865ರ ಫೆಬ್ರುವರಿ 9ರಂದು, ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಪುಟ್ಟ ಊರಿನಲ್ಲಿ. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಿರುವ ಬೆಟ್ಟಗುಡ್ಡಗಳ ರಾಜ್ಯ ಅದು. ಅಲ್ಲಿಯ ರೈತರ ಬದುಕು ಕೇಳಿದರೆ ನಮಗೆ ತೀರಾ ಅಪರಿಚಿತ ಅನ್ನಿಸುವುದಿಲ್ಲ. ಎರಡು ಹೊತ್ತು ಹಾಲು ಕರೆಯುವುದು, ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ದನಕ್ಕೆ ಕೂಡಿಡುವುದು, ಚಳಿ ಇಳಿಯುತ್ತಿದ್ದಂತೆ ಮೇಪಲ್ ಮರಗಳಿಗೆ ತೂತು ಕೊರೆದು ರಸ ಇಳಿಸಿ ಪಾಕ ಕಾಯಿಸುವುದು. ಆಲೆಮನೆ ನೋಡಿದವರಿಗೆ ಕೊನೆಯದು ಬೇಗ ಅರ್ಥವಾಗುತ್ತದೆ. ನಡುವೆ ನಾಲ್ಕೈದು ತಿಂಗಳು ಹಿಮ. ಬೆಂಟ್ಲಿ ಕೊನೆಯವರೆಗೂ ಅದೇ ಮನೆಯಲ್ಲಿದ್ದ, ಇದೇ ಕೆಲಸಗಳನ್ನು ಮಾಡಿದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ನಾಯಕ ಎಲ್ಲವನ್ನೂ ಬಿಟ್ಟು ಪಟ್ಟಣಕ್ಕೆ ಓಡಿಹೋಗುತ್ತಾನೆ ಅಂತ ನಾವು ಕಾಯುತ್ತಿರುತ್ತೇವೆ. ಈತ ಎಲ್ಲೂ ಹೋಗಲಿಲ್ಲ.

ತಾಯಿ ಫ್ಯಾನಿ ಮದುವೆಗೆ ಮೊದಲು ಶಾಲಾ ಶಿಕ್ಷಕಿ. ಮಗನಿಗೆ ಹದಿನಾಲ್ಕು ವರ್ಷವಾಗುವವರೆಗೆ ಮನೆಯಲ್ಲೇ ಪಾಠ ಹೇಳಿದವರು ಅವರೇ. ಪಾಠ ಮಾಡುವ ದಿನಗಳಿಂದ ಉಳಿದಿದ್ದ ಒಂದು ಹಳೆಯ ಮೈಕ್ರೊಸ್ಕೋಪನ್ನು ಮಗನಿಗೆ ಹದಿನೈದಾದಾಗ ಕೈಗೆ ಕೊಟ್ಟರು. ಬೇರೆ ಹುಡುಗರಾದರೆ ಇರುವೆ ಕಾಲು, ಹೂವಿನ ಎಸಳು ನೋಡಿ ಒಂದು ವಾರದಲ್ಲಿ ಮೂಲೆಗಿಡುತ್ತಿದ್ದರು. ಬೆಂಟ್ಲಿ ಕೂಡ ಎಲ್ಲವನ್ನೂ ನೋಡಿದ. ಆದರೆ ಹಿಮ ಬೀಳುವ ಒಂದು ದಿನ ಅದರ ಹರಳನ್ನು ಗಾಜಿನ ಮೇಲಿಟ್ಟು ನೋಡಿದವನು ಅಲ್ಲೇ ನಿಂತುಬಿಟ್ಟ. ಆರು ತೋಳು, ಪ್ರತಿ ತೋಳಿಗೂ ಕೊಂಬೆ, ಕೊಂಬೆಗೆ ಮತ್ತೆ ಕೊಂಬೆ. ಇನ್ನೊಂದು ಹರಳು ನೋಡಿದರೆ ಲೆಕ್ಕ ಅದೇ ಆರು, ವಿನ್ಯಾಸ ಮಾತ್ರ ಬೇರೆ.

ಕಂಡದ್ದನ್ನು ಉಳಿಸಿಕೊಳ್ಳಲು ಆತ ಚಿತ್ರ ಬರೆಯಲು ಶುರು ಮಾಡಿದ. ಮೂರು ಚಳಿಗಾಲ ಬರೆದ. ರಂಗೋಲಿ ಹಾಕುವವರನ್ನು ನೋಡಿದ್ದೀರಲ್ಲ, ಎಷ್ಟೇ ಚುರುಕಿನ ಕೈಯಾದರೂ ಎಳೆಗಳು ತುಂಬಿದ ದೊಡ್ಡ ರಂಗೋಲಿಗೆ ಹತ್ತು ನಿಮಿಷವಾದರೂ ಬೇಕು. ಇಲ್ಲಿ ನಕಲು ಮಾಡಬೇಕಾದ ರಂಗೋಲಿಯೇ ಅಷ್ಟು ಹೊತ್ತು ಇರುವುದಿಲ್ಲ. ಎರಡು ತೋಳು ಬರೆದು ಮೂರನೆಯದಕ್ಕೆ ಕಣ್ಣಿಟ್ಟರೆ ಗಾಜಿನ ಮೇಲೆ ಒಂದು ನೀರಿನ ಹನಿ. ಮೈಕ್ರೊಸ್ಕೋಪಿನಲ್ಲಿ ಕಂಡದ್ದನ್ನು ಫೋಟೊ ತೆಗೆಯುವ ಕ್ಯಾಮೆರಾ ಇದೆ ಅಂತ ಗೊತ್ತಾದ ದಿನದಿಂದ ಮನೆಯಲ್ಲಿ ವರಾತ ಶುರುವಾಯಿತು. ತಾಯಿ ಮಗನ ಪರ. ತಂದೆ ಎಡ್ವಿನ್‌ಗೆ ಇದೆಲ್ಲ ಹುಚ್ಚಾಟ. ಕೊನೆಗೆ ದುಡ್ಡು ಬಿಚ್ಚಿದರು. ಆದರೆ ಇದರಿಂದ ಏನಾದರೂ ಉಪಯೋಗವಿದೆ ಅಂತ ಅವರಿಗೆ ಸಾಯುವವರೆಗೂ ಅನ್ನಿಸಲಿಲ್ಲ.

ಈ ತಂದೆಯ ಬಗ್ಗೆ ನನಗೆ ತುಂಬಾ ಗೌರವ. ಮಗ ಮಾಡುವುದು ಸರಿ ಅಂತ ನಂಬಿ ದುಡ್ಡು ಕೊಡುವುದು ಅಂಥ ದೊಡ್ಡ ಮಾತಲ್ಲ. ನಂಬಿಕೆ ಇಲ್ಲದೆಯೂ ಹತ್ತು ಹಸುವಿನ ದುಡ್ಡು ಎತ್ತಿಕೊಟ್ಟರಲ್ಲ, ಅದನ್ನು ಯೋಚಿಸಿ. ನಾನು ಈ ಕಥೆಯನ್ನು ಊರಲ್ಲಿ ಅಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಆ ಹತ್ತು ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತಿದ್ದವು ಅಂತ ಕೇಳಿದರು.

ಕ್ಯಾಮೆರಾ ಬಂದ ಕೂಡಲೇ ಫೋಟೊ ಬರಲಿಲ್ಲ. ಹೇಳಿಕೊಡುವವರು ಊರಲ್ಲಿ ಯಾರೂ ಇರಲಿಲ್ಲ. ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ದೊಡ್ಡ ಕ್ಯಾಮೆರಾ, ಅದರ ಮೂತಿಗೆ ಮೈಕ್ರೊಸ್ಕೋಪ್. ಎರಡನ್ನೂ ಜೋಡಿಸಿದರೆ ಎಷ್ಟು ಉದ್ದವಾಗುತ್ತಿತ್ತೆಂದರೆ, ಹಿಂದಿನ ಗಾಜಿನ ಪರದೆಯಲ್ಲಿ ಬಿಂಬ ನೋಡುತ್ತಾ ನಿಂತವನಿಗೆ ಮುಂದಿನ ಫೋಕಸ್ ತಿರುಪು ಕೈಗೆ ಎಟುಕುತ್ತಿರಲಿಲ್ಲ. ಆತ ಗಾಲಿ ಮತ್ತು ದಾರ ಕಟ್ಟಿ, ಹಿಂದೆ ನಿಂತೇ ಮುಂದಿನ ತಿರುಪು ತಿರುಗಿಸುವ ಹಾಗೆ ಮಾಡಿಕೊಂಡ. ಇಷ್ಟಾದರೂ ಪ್ಲೇಟಿನ ಮೇಲೆ ಬರುತ್ತಿದ್ದುದು ಮಸುಕು ನೆರಳು. ಲೆನ್ಸಿನ ಕಿಂಡಿಯನ್ನು ತೀರಾ ಚಿಕ್ಕದು ಮಾಡಿ, ಬೆಳಕನ್ನು ಹೆಚ್ಚು ಹೊತ್ತು ಬಿಟ್ಟರೆ ಅಂಚುಗಳು ಚೂಪಾಗುತ್ತವೆ ಅಂತ ಕಂಡುಕೊಳ್ಳುವಷ್ಟರಲ್ಲಿ ಎರಡು ಚಳಿಗಾಲ ಕಳೆದಿದ್ದವು. ಇಂದು ಫೋಟೊಗ್ರಫಿ ಕಲಿಯುವವರಿಗೆ ಅಪರ್ಚರ್ ಪಾಠ ಮೊದಲ ದಿನವೇ ಆಗುತ್ತದೆ.

1885ರ ಜನವರಿ 15, ಹೊರಗೆ ಹಿಮಗಾಳಿ. ಅಂದು ಒಂದು ಪ್ಲೇಟ್ ಸರಿಯಾಗಿ ಬಂತು. ಹಿಮದ ಒಂಟಿ ಹರಳಿನ ಸ್ಪಷ್ಟ ಫೋಟೊ ಜಗತ್ತಿನಲ್ಲಿ ಅದೇ ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆತನಿಗೆ ಇಪ್ಪತ್ತು ತುಂಬಲು ಇನ್ನೂ 25 ದಿನ ಬಾಕಿ ಇತ್ತು. ಹೆಚ್ಚುಕಡಿಮೆ ನನ್ನ ವಯಸ್ಸು. ಆ ಕ್ಷಣ ತನ್ನ ಉಪಕರಣದ ಮುಂದೆ ಮೊಣಕಾಲೂರಿ ಕೂರಬೇಕು ಅನ್ನಿಸಿತು ಅಂತ ಬೆಂಟ್ಲಿ ಆಮೇಲೆ ಹೇಳಿಕೊಂಡಿದ್ದಾನೆ. ನಮ್ಮಲ್ಲಾಗಿದ್ದರೆ ಆಯುಧಪೂಜೆಯ ದಿನ ಯಾರಿಗೂ ವಿಚಿತ್ರ ಅನ್ನಿಸದ ಹಾಗೆ ಇದನ್ನು ಮಾಡಿಬಿಡಬಹುದಿತ್ತು.

ಆ ಎರಡು ನಿಮಿಷಗಳಲ್ಲಿ ಆತ ಏನೇನು ಮಾಡುತ್ತಿದ್ದ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮನೆಯ ಹಿಂದೆ ಒಲೆ ಇಲ್ಲದ, ಹೊರಗಿನಷ್ಟೇ ಕೊರೆಯುವ ಒಂದು ಶೆಡ್. ಬಾಗಿಲಲ್ಲಿ ನಿಂತು ಕಪ್ಪು ಬಣ್ಣ ಬಳಿದ ಒಂದು ಹಲಗೆಯನ್ನು ಬೀಳುವ ಹಿಮಕ್ಕೆ ಒಡ್ಡುತ್ತಿದ್ದ. ಮೈಶಾಖ ತಾಗಬಾರದೆಂದು ಕೈಗೆ ದಪ್ಪ ಗವಸು. ಹಲಗೆಯ ಮೇಲೆ ಹತ್ತಾರು ಹರಳು ಬಿದ್ದ ಕೂಡಲೇ ಒಳಗೆ ತಂದು ಕಣ್ಣಲ್ಲೇ ಆರಿಸಬೇಕು. ಮುರಿದವು, ಒಂದಕ್ಕೊಂದು ಅಂಟಿದವು, ಸೊಟ್ಟಗಿರುವವು ಬೇಡ. ಇಡೀ ಹಲಗೆಯಲ್ಲಿ ಒಂದೂ ಸರಿಯಿಲ್ಲದಿದ್ದರೆ ಟರ್ಕಿ ಕೋಳಿಯ ಗರಿಯಿಂದ ಎಲ್ಲವನ್ನೂ ಗುಡಿಸಿ ಮತ್ತೆ ಹೊರಗೆ ಒಡ್ಡುವುದು. ಒಂದು ಒಪ್ಪಿಗೆಯಾಯಿತೋ, ಪೊರಕೆ ಕಡ್ಡಿಯಂಥ ತೆಳು ಕಡ್ಡಿಯಿಂದ ಅದನ್ನು ಮೆಲ್ಲಗೆ ಎತ್ತಿ ಗಾಜಿನ ಮೇಲಿಟ್ಟು, ಗರಿಯ ತುದಿಯಿಂದ ಒತ್ತಿ ಮಟ್ಟಸ ಮಾಡಬೇಕು. ಅಷ್ಟು ಹೊತ್ತೂ ಉಸಿರು ಬಿಡುವ ಹಾಗಿಲ್ಲ. ಬಿಟ್ಟ ಉಸಿರು ಸಾಕು, ಹರಳು ಹೋಯಿತು. ಆಮೇಲೆ ಕಿಟಕಿಯ ಬೆಳಕಿಗೆ ಕ್ಯಾಮೆರಾ ತಿರುಗಿಸಿ, ದಾರ ಎಳೆದು ಫೋಕಸ್ ಮಾಡಿ, ಹತ್ತರಿಂದ ನೂರು ಸೆಕೆಂಡಿನವರೆಗೆ ಪ್ಲೇಟಿಗೆ ಬೆಳಕು ಬಿಡುವುದು.

ಶೆಡ್ ಸೊನ್ನೆ ಡಿಗ್ರಿಗಿಂತ ಕೆಳಗೇ ಇದ್ದ ಮೇಲೆ ಇಷ್ಟು ಅವಸರ ಏಕೆ ಅಂತ ನನಗೂ ಮೊದಲು ಅನ್ನಿಸಿತು. ಥರ್ಮೊಡೈನಮಿಕ್ಸ್ ಓದಿದವರು ಸಬ್ಲಿಮೇಷನ್ ನೆನಪಿಸಿಕೊಳ್ಳಿ. ಹಿಮ ಕರಗಬೇಕಾದರೆ ಶಾಖ ಬೇಕು, ಆವಿಯಾಗಲು ಕರಗಲೇಬೇಕು ಅಂತಿಲ್ಲ. ಮೋಡದ ಒಳಗಿನ ತೇವವನ್ನು ಬಿಟ್ಟು ಒಣ ಗಾಳಿಗೆ ಬಂದ ಹರಳು ಘನರೂಪದಿಂದ ನೇರ ಆವಿಯಾಗಿ ಹೋಗುತ್ತಿರುತ್ತದೆ, ಅದೂ ಮೊದಲು ಹೋಗುವುದು ತೀರಾ ಸೂಕ್ಷ್ಮವಾದ ಅಂಚುಗಳು. ಕೊಂಬೆಗಳ ತುದಿ ಮೊಂಡಾಗುತ್ತದೆ, ನಕ್ಷತ್ರ ಬಿಲ್ಲೆಯಾಗುತ್ತದೆ. ಹರಳು ಕಣ್ಣೆದುರಿಗೇ ಇರುತ್ತದೆ, ಫೋಟೊ ಮಾತ್ರ ಕೈತಪ್ಪಿರುತ್ತದೆ. ಆ ಹರಳು ಮೋಡದಲ್ಲಿ ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ ಸಿಗುವುದು ಆ ಒಂದೆರಡು ನಿಮಿಷದಲ್ಲೇ.

ಹೀಗೆ ಬೆಂಟ್ಲಿ 47 ಚಳಿಗಾಲ ನಿಂತ. ತೆಗೆದ ಹಿಮದ ಫೋಟೊಗಳು 5000ಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ವರ್ಷಕ್ಕೆ ನೂರು ಚಿಲ್ಲರೆ. ನಮ್ಮ ಕಾಲೇಜಿನ ಎಥ್ನಿಕ್ ಡೇ ದಿನ ಒಬ್ಬೊಬ್ಬರ ಫೋನಿನಲ್ಲಿ ಅಷ್ಟು ಮಧ್ಯಾಹ್ನದ ಊಟಕ್ಕೆ ಮೊದಲೇ ಆಗಿರುತ್ತದೆ. ಹಿಮ ಇಲ್ಲದ ತಿಂಗಳುಗಳಲ್ಲೂ ಆತ ಸುಮ್ಮನಿರುತ್ತಿರಲಿಲ್ಲ. ಕಿಟಕಿ ಗಾಜಿನ ಮೇಲಿನ ಮಂಜಿನ ಚಿತ್ತಾರ, ಜೇಡರ ಬಲೆಯ ಮೇಲಿನ ಇಬ್ಬನಿ, ಮೋಡ, ಹೀಗೆ ಬಿಸಿಲೇರಿದರೆ ಇಲ್ಲವಾಗುವ ವಸ್ತುಗಳನ್ನೇ ಹುಡುಕಿ ತೆಗೆಯುತ್ತಿದ್ದ. ಜೊತೆಗೆ ನೋಟ್ ಪುಸ್ತಕದಲ್ಲಿ ಆ ದಿನದ ಉಷ್ಣಾಂಶ, ಗಾಳಿಯ ದಿಕ್ಕು, ಮೋಡದ ಬಗೆ. ಯಾವ ಚಳಿಗೆ ಯಾವ ಆಕಾರದ ಹರಳು, ಬಿರುಗಾಳಿಯ ಯಾವ ಭಾಗದಲ್ಲಿ ಯಾವುದು ಬೀಳುತ್ತದೆ ಅನ್ನುವ ಸಂಬಂಧವನ್ನು ಆತ ಆ ಪುಸ್ತಕಗಳಿಂದಲೇ ಹುಡುಕಿದ್ದು.

ಊರಿನವರ ಮಟ್ಟಿಗೆ ಆತ ಒಳ್ಳೆಯವನು, ಪಿಯಾನೊ ಬಾರಿಸುತ್ತಾನೆ, ಪ್ರಾಣಿ ಪಕ್ಷಿಗಳ ಕೂಗನ್ನು ಅನುಕರಿಸಿ ಮಕ್ಕಳನ್ನು ನಗಿಸುತ್ತಾನೆ, ಸ್ವಲ್ಪ ತಲೆ ಮಾತ್ರ ಕೆಟ್ಟಿದೆ. ಒಮ್ಮೆ ಬೆಂಟ್ಲಿಗೆ, ತಾನು ಇಷ್ಟು ವರ್ಷ ಮಾಡಿದ್ದು ಏನು ಅಂತ ನೆರೆಹೊರೆಯವರಿಗೂ ತೋರಿಸಬೇಕು ಅನ್ನಿಸಿತು. ಊರಲ್ಲಿ ಒಂದು ಉಪನ್ಯಾಸ ಇಟ್ಟ, ಗಾಜಿನ ಸ್ಲೈಡುಗಳನ್ನು ಪರದೆಯ ಮೇಲೆ ತೋರಿಸುವ ಏರ್ಪಾಡು ಮಾಡಿದ, ಟಿಕೆಟ್ ಕೂಡ ಇಲ್ಲ. ಹವಾಮಾನವೂ ಚೆನ್ನಾಗಿತ್ತು. ಬಂದವರು ಆರು ಜನ. ಹರಳಿಗೆ ಎಷ್ಟು ತೋಳೋ ಅಷ್ಟೇ ಅಂತ ನಗಬಹುದು. ಆದರೆ ಖಾಲಿ ಕುರ್ಚಿಗಳ ಮುಂದೆ ಪ್ರೆಸೆಂಟೇಷನ್ ಕೊಟ್ಟವರಿಗೆ ನಗು ಬರುವುದಿಲ್ಲ.

ತಂದೆ 1887ರಲ್ಲಿ ತೀರಿಕೊಂಡರು. ಮನೆಯ ಒಂದು ಪಾಲಿನಲ್ಲಿ ಅಣ್ಣ ಚಾರ್ಲ್ಸ್‌ನ ದೊಡ್ಡ ಸಂಸಾರ, ಇನ್ನೊಂದು ಪಾಲಿನಲ್ಲಿ ಬೆಂಟ್ಲಿ ಮತ್ತು ತಾಯಿ. ಆತ ಮದುವೆಯಾಗಲಿಲ್ಲ. ಕಾಯಿಲೆ ಬಿದ್ದ ತಾಯಿಯನ್ನು 1906ರಲ್ಲಿ ಅವರು ಹೋಗುವವರೆಗೂ ನೋಡಿಕೊಂಡ.

ಮೊದಲ ಫೋಟೊ ಬಂದು ಹದಿಮೂರು ವರ್ಷ ಆತ ಏನನ್ನೂ ಪ್ರಕಟಿಸಲಿಲ್ಲ. ಸಂಕೋಚದ ಮನುಷ್ಯ. ತಾನು ಡಿಗ್ರಿ ಇಲ್ಲದವನು, ವಿಜ್ಞಾನಿಗಳಿಗೆ ಇದೆಲ್ಲ ಗೊತ್ತೇ ಇರುತ್ತದೆ ಅಂದುಕೊಂಡಿದ್ದನೋ ಏನೋ. ಕೊನೆಗೆ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾರ್ಜ್ ಪರ್ಕಿನ್ಸ್ ಆತನ ಟಿಪ್ಪಣಿ, ಫೋಟೊಗಳನ್ನು ನೋಡಿ ಬರವಣಿಗೆಗೆ ಕೈಜೋಡಿಸಿದರು. 1898ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ ಬಂತು. ಆಮೇಲೆ ಬೆಂಟ್ಲಿ ತಾನೇ ಬರೆಯತೊಡಗಿದ. 1902ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಪತ್ರಿಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೊಗಳ ಸಮೇತ ದೊಡ್ಡ ಪ್ರಬಂಧ ಬಂತು.

ಹೆಸರು ಬಂದ ಜೊತೆಗೇ ತಕರಾರೂ ಬಂತು. ಬೆಂಟ್ಲಿಯ ಫೋಟೊಗಳಲ್ಲಿ ಹರಳು ಅಚ್ಚ ಬಿಳಿ, ಹಿನ್ನೆಲೆ ಕಪ್ಪು. ಪ್ಲೇಟಿನಲ್ಲಿ ಮೂಲತಃ ಹಾಗೆ ಬರುತ್ತಿರಲಿಲ್ಲ, ಬಿಳಿ ಹರಳಿನ ಸುತ್ತಲೂ ಬೆಳಕೇ ಇರುತ್ತಿತ್ತು. ಆತ ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿ, ಹರಳಿನ ಅಂಚಿನ ಸುತ್ತ ಇರುವ ಲೇಪವನ್ನು ಚೂಪಾದ ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಒಂದೊಂದಕ್ಕೂ ಗಂಟೆಗಟ್ಟಲೆ ಕೆಲಸ. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ಟಾವ್ ಹೆಲ್ಮನ್ ಇದನ್ನು ಕಟುವಾಗಿ ಟೀಕಿಸಿದರು. ಅವರ ಕಡೆಯ ಛಾಯಾಗ್ರಾಹಕ ರಿಚರ್ಡ್ ನ್ಯೂಹಾಸ್ ಕೂಡ ಹರಳುಗಳ ಫೋಟೊ ತೆಗೆದಿದ್ದರು. ಅವು ಒಂದು ಕಡೆ ಉದ್ದ, ಒಂದು ಕಡೆ ಮೋಟು, ಸೊಟ್ಟ ಸೊಟ್ಟ. ನಿಜವಾದ ಹಿಮ ಬಹುಪಾಲು ಹಾಗೇ ಇರುವುದು, ಚಾಕು ಹಿಡಿದವನು ಅಂಚನ್ನೇ ಬದಲಿಸುತ್ತಾನೆ ಅನ್ನುವುದು ಹೆಲ್ಮನ್ ಅವರ ವಾದ. ಹರಳು ಸರಿಯಾಗಿ ಕಾಣಲಿ ಅಂತ ಹಿನ್ನೆಲೆ ತೆಗೆದೆನೇ ಹೊರತು ಹರಳನ್ನು ಮುಟ್ಟಲಿಲ್ಲ ಅನ್ನುವುದು ಬೆಂಟ್ಲಿಯ ಉತ್ತರ.

ನಾನು ಇಬ್ಬರ ಫೋಟೊಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಚಾಕುವಿನ ವಿಷಯದಲ್ಲಿ ನಾನು ಬೆಂಟ್ಲಿಯ ಕಡೆ. ಮೂಲ ಪ್ಲೇಟನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಕೈಯಿಟ್ಟವನು ಮೋಸಗಾರನಲ್ಲ. ಆದರೆ ಹೆಲ್ಮನ್ ಹೇಳಿದ್ದರಲ್ಲಿ ಇನ್ನೊಂದು ಮಾತು ಅಡಗಿದೆ, ಅದಕ್ಕೆ ಬೆಂಟ್ಲಿಯ ಬಳಿ ಉತ್ತರವಿಲ್ಲ. ಆಯ್ಕೆ ನಡೆಯುತ್ತಿದ್ದುದು ಚಾಕುವಿಗೆ ಮುಂಚೆ, ಶೆಡ್ಡಿನ ಬಾಗಿಲಲ್ಲೇ, ಗರಿಯ ಒಂದು ಬೀಸಿನಲ್ಲಿ. ಸೊಟ್ಟ ಹರಳುಗಳನ್ನು ಆತ ಗುಡಿಸಿ ಎಸೆಯುತ್ತಿದ್ದ. ಲ್ಯಾಬ್ ರೆಕಾರ್ಡ್‌ನಲ್ಲಿ ಗ್ರಾಫ್ ನೇರವಾಗಿ ಬರಲಿ ಅಂತ ಒಂದು ಬಿಂದುವನ್ನು ಬಿಟ್ಟುಬಿಡುವುದು ಅಂದರೇನು ಅಂತ ಬಿಇ ಓದುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಿಮದ ಹರಳು ಅಂದರೆ ಅಚ್ಚುಕಟ್ಟಾದ ಆರು ತೋಳಿನ ನಕ್ಷತ್ರ ಅಂತ ಇವತ್ತು ಕ್ರಿಸ್‌ಮಸ್ ಕಾರ್ಡಿನಿಂದ ಹಿಡಿದು ಫ್ರಿಜ್ಜಿನ ಗುಂಡಿಯವರೆಗೆ ಎಲ್ಲರೂ ನಂಬಿದ್ದೇವಲ್ಲ, ಅದರಲ್ಲಿ ದೊಡ್ಡ ಪಾಲು ಜೆರಿಕೊದ ಆ ಗರಿಯದು.

ಈಗ ಮಳೆ. 1898ರಿಂದ ಸುಮಾರು ಆರು ವರ್ಷ ಬೆಂಟ್ಲಿ ಮಳೆಹನಿ ಅಳೆಯುವ ಕೆಲಸ ಮಾಡಿದ. ಹನಿ ಬೀಳುವಾಗ ಅದಕ್ಕೆ ಸ್ಕೇಲು ಹಿಡಿಯುವುದು ಹೇಗೆ? ಆತ ಉಪಾಯ ತಂದದ್ದು ಅಡುಗೆಮನೆಯಿಂದ. ತಟ್ಟೆಯಲ್ಲಿ ಒಂದಂಗುಲ ದಪ್ಪಕ್ಕೆ ಜರಡಿ ಹಿಡಿದ ಗೋಧಿ ಹಿಟ್ಟು ಹರಡಿ, ಮಳೆಗೆ ಕೆಲವೇ ಸೆಕೆಂಡು ಒಡ್ಡಿ ಒಳಗೆ ತಂದುಬಿಡುವುದು. ಪ್ರತಿ ಹನಿಯೂ ತನ್ನಷ್ಟು ಹಿಟ್ಟನ್ನು ಕಲಸಿಕೊಂಡು ಒಂದು ಉಂಡೆಯಾಗುತ್ತದೆ. ಒಣಗಿದ ಮೇಲೆ ಉಂಡೆಗಳನ್ನು ಆರಿಸಿ ಅಳೆದರಾಯಿತು. ಉಂಡೆಯ ಗಾತ್ರವೂ ಹನಿಯ ಗಾತ್ರವೂ ಒಂದೇ ಅಂತ ಹೇಗೆ ನಂಬುವುದು? ಅದಕ್ಕೂ ಆತ ಮೊದಲೇ, ಗಾತ್ರ ಗೊತ್ತಿರುವ ನೀರಿನ ಹನಿಗಳನ್ನು ಎತ್ತರದಿಂದ ಹಿಟ್ಟಿಗೆ ಬೀಳಿಸಿ ತಾಳೆ ನೋಡಿದ್ದ. ನಮ್ಮ ಭಾಷೆಯಲ್ಲಿ ಕ್ಯಾಲಿಬ್ರೇಷನ್. ಎಪ್ಪತ್ತು ಮಳೆಗಳಿಂದ 344 ಮಾದರಿ ಸಂಗ್ರಹಿಸಿ, 1904ರಲ್ಲಿ ಪ್ರಬಂಧ ಪ್ರಕಟಿಸಿದ. ಅತಿ ದೊಡ್ಡ ಹನಿ ಸುಮಾರು ಕಾಲು ಅಂಗುಲ, ಅಂದರೆ 6 ಮಿಲಿಮೀಟರ್ ಅಂತ ಆತನ ಲೆಕ್ಕ. ಅದಕ್ಕಿಂತ ತೀರಾ ದೊಡ್ಡ ಹನಿ ಗಾಳಿಯ ಒತ್ತಡಕ್ಕೆ ಒಡೆದುಹೋಗುತ್ತದೆ ಅಂತ ಈಗ ನಾವು ಓದುತ್ತೇವೆ.

ಕಳೆದ ಜುಲೈನಲ್ಲಿ ಊರಿಗೆ ಹೋದಾಗ ಇದನ್ನು ನಾನೂ ಮಾಡಿ ನೋಡಿದೆ. ಅಮ್ಮನ ಸ್ಟೀಲ್ ತಟ್ಟೆ, ಅರ್ಧ ಕಿಲೊ ಮೈದಾ, ಅಂಗಳದಲ್ಲಿ ಮಳೆ. ನಾಲ್ಕು ಅಂತ ಎಣಿಸುವಷ್ಟರಲ್ಲಿ ಒಳಗೆ ತಂದೆ. ತಟ್ಟೆಯ ತುಂಬಾ ಚಂದ್ರನ ಮೇಲಿನ ಕುಳಿಗಳಂತೆ ಗುಳಿಗಳು. ಮರುದಿನ ಜರಡಿ ಹಿಡಿದರೆ ಸಾಬೂದಾನಿಯಂತೆ ಉಂಡೆಗಳು ಉಳಿದವು. ವರ್ನಿಯರ್ ಕ್ಯಾಲಿಪರ್ ಊರಲ್ಲಿ ಎಲ್ಲಿ ಸಿಗಬೇಕು, ಜ್ಯಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲೇ ಅಳೆದೆ. ದೊಡ್ಡವು 4 ಮಿಲಿಮೀಟರ್ ಹತ್ತಿರ ಇದ್ದವು, ಹೆಚ್ಚಿನವು ಒಂದೆರಡು. ಮೇಲೆ ಬರುತ್ತಿದ್ದ ಮಳೆ ಒಂದೇ ಅಂತ ಕಂಡರೂ ತಟ್ಟೆಯಲ್ಲಿ ಬಿದ್ದದ್ದು ಸಣ್ಣ ದೊಡ್ಡ ಸೇರಿದ ಒಂದು ಗುಂಪು. ಪುಸ್ತಕದಲ್ಲಿ ಡ್ರಾಪ್ ಸೈಜ್ ಡಿಸ್ಟ್ರಿಬ್ಯೂಷನ್ ಅಂತ ಎರಡು ಅಂಕಕ್ಕೆ ಓದಿದ್ದು ಅಂದು ಬೆರಳ ತುದಿಯಲ್ಲಿತ್ತು. ಉಳಿದ ಮೈದಾ ದೋಸೆಗೆ ಹೋಯಿತು.

ಬೆಂಟ್ಲಿಯ ಈ ಕೆಲಸವನ್ನು ಆಗ ಯಾರೂ ಗಮನಿಸಲಿಲ್ಲ. ಆತನ ಬರವಣಿಗೆಯೂ ಸ್ವಲ್ಪ ಕಾರಣ ಅಂತ ನನ್ನ ಅನಿಸಿಕೆ. ಒಂದು ಸಾಲು ಅಳತೆ, ಮುಂದಿನ ಸಾಲು ಕವಿತೆ. ಸುಮಾರು ನಲವತ್ತು ವರ್ಷವಾದ ಮೇಲೆ, 1943ರಲ್ಲಿ, ಅಮೆರಿಕದಲ್ಲಿ ಮಣ್ಣಿನ ಸವಕಳಿಯ ಬಗ್ಗೆ ಕೆಲಸ ಮಾಡುತ್ತಿದ್ದ ಲಾಸ್ ಮತ್ತು ಪಾರ್ಸನ್ಸ್ ಇದೇ ಹಿಟ್ಟಿನ ವಿಧಾನದಿಂದ ಮಳೆಹನಿಗಳನ್ನು ಅಳೆದರು. ಹನಿ ಎಷ್ಟು ಜೋರಾಗಿ ನೆಲಕ್ಕೆ ಬಡಿದು ಮಣ್ಣನ್ನು ಎಬ್ಬಿಸುತ್ತದೆ ಅನ್ನುವ ಲೆಕ್ಕಕ್ಕೆ ಗಾತ್ರ ಬೇಕೇ ಬೇಕು. ಆ ಲೆಕ್ಕ ಕೆರೆಯಲ್ಲಿ ಹೂಳು ಎಷ್ಟು ತುಂಬುತ್ತದೆ ಅನ್ನುವವರೆಗೂ ಬರುತ್ತದೆ. ನಮ್ಮ ಕಡೆಯ ಕೆರೆಗಳನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂತ ಕೇಳುವ ವಯಸ್ಸು ನಮ್ಮದು. ನಮ್ಮ ಬ್ಯಾಚಿನಲ್ಲಿ ಈಗ ಬೇರೆ ಮಾತೇ ಇಲ್ಲ. ಸಿವಿಲ್‌ನವರಿಗೆ ಕ್ಯಾಂಪಸ್‌ನಲ್ಲಿ ಏನು ಬರುತ್ತದೆ, ಕೋಡಿಂಗ್ ಕಲಿಯಬೇಕಾ, ಗೇಟ್ ಬರೆಯಬೇಕಾ. ಮೈದಾ ತಟ್ಟೆ ಯಾವ ರೆಸ್ಯೂಮೆಯಲ್ಲೂ ಹಿಡಿಸುವುದಿಲ್ಲ. ಬೆಂಟ್ಲಿಯ ಲೆಕ್ಕ ಹೀಗಿದೆ. ಗಾಜಿನ ಸ್ಲೈಡುಗಳನ್ನು ಕಾಲೇಜುಗಳಿಗೆ ಒಂದಕ್ಕೆ 5 ಸೆಂಟಿನಂತೆ ಮಾರುತ್ತಿದ್ದ. ಒಡವೆ ಮಾಡುವವರು, ಬಟ್ಟೆಯ ವಿನ್ಯಾಸಕಾರರು ಆತನ ಫೋಟೊ ನೋಡಿ ಮಾದರಿ ತೆಗೆದುಕೊಂಡರು. 1920ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿಗಳ ಸಂಘ ಆತನನ್ನು ಫೆಲೊ ಮಾಡಿತು. 1924ರಲ್ಲಿ ಅದೇ ಸಂಘ ಸಂಶೋಧನೆಗೆಂದು ಅನುದಾನ ಕೊಟ್ಟಿತು, 25 ಡಾಲರ್. ಅರವತ್ತರ ಹೊಸ್ತಿಲಲ್ಲಿ ಆತನೇ ಕೂಡಿ ಕಳೆದು ನೋಡಿದಾಗ, ಸಮಯ ಮತ್ತು ಸಾಮಗ್ರಿ ಸೇರಿ ಹಾಕಿದ್ದು 15,000 ಡಾಲರ್, ಬಂದದ್ದು 4000ಕ್ಕೂ ಕಡಿಮೆ. ವ್ಯವಹಾರದ ದೃಷ್ಟಿಯಿಂದ ತಾನು ಸೋತವನು ಅಂತ ಆತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದ.

ಇದನ್ನು ಓದಿ ಯಾರಾದರೂ ಕೆಲಸ ಹುಡುಕುವುದನ್ನು ಬಿಟ್ಟು ಕನಸಿನ ಹಿಂದೆ ಹೋಗಿ ಅಂತ ಸ್ಟೇಟಸ್ ಹಾಕಿದರೆ ನಾನು ಜವಾಬ್ದಾರನಲ್ಲ. ಬೆಂಟ್ಲಿಗೆ ತಲೆಯ ಮೇಲೆ ಸ್ವಂತ ಸೂರಿತ್ತು, ಹೊಲವಿತ್ತು, ದನವಿದ್ದವು. ಆತ ಹಾಲು ಕರೆಯುವುದನ್ನು ಬಿಟ್ಟು ಹಿಮದ ಹಿಂದೆ ಹೋದವನಲ್ಲ, ಹಾಲು ಕರೆದು ಮುಗಿಸಿ ಶೆಡ್ಡಿಗೆ ಹೋದವನು. ಹಿಮಗಾಳಿ ಹೇಳಿ ಕೇಳಿ ಬರುವುದಿಲ್ಲವಾದ್ದರಿಂದ ಕೆಲವು ದಿನ ಹಸುಗಳೂ ಕಾದಿರಬೇಕು.

ವಯಸ್ಸಾದ ಮೇಲೆ ಆತನಿಗೆ ಇದ್ದ ದೊಡ್ಡ ಚಿಂತೆ ಗಾಜಿನ ಪ್ಲೇಟುಗಳದು. ಮರದ ಮನೆ, ಚಳಿಗಾಲವಿಡೀ ಒಲೆ ಉರಿಯುವ ಊರು. ಹರಳು ಹೋಗಿ ಫೋಟೊ ಉಳಿದಿದೆ, ಫೋಟೊವೂ ಹೋದರೆ ಏನೂ ಇಲ್ಲ. ಹವಾಮಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಹಂಫ್ರೀಸ್ ಪಠ್ಯ ಬರೆದುಕೊಡಲು ಒಪ್ಪಿದರು. 2400ಕ್ಕೂ ಹೆಚ್ಚು ಫೋಟೊಗಳನ್ನು ಆರಿಸಿ ಕಟ್ಟಿದ ಆ ಪುಸ್ತಕ 1931ರ ನವೆಂಬರ್‌ನಲ್ಲಿ ಹೊರಬಂತು. ಮೊದಲ ಫೋಟೊ ತೆಗೆದು ಅಷ್ಟರಲ್ಲಿ 46 ವರ್ಷ ಕಳೆದಿದ್ದವು. ಬೆಂಟ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ. ಡಿಸೆಂಬರ್ ಮೊದಲ ವಾರ, ಕೆಸರು ಹಿಮ ಸುರಿಯುತ್ತಿದ್ದಾಗ ಸುಮಾರು ಆರು ಮೈಲಿ ನಡೆದು ಮನೆಗೆ ಬಂದ. ಮೈಮೇಲೆ ಸಾಕಷ್ಟು ಬಟ್ಟೆ ಇರಲಿಲ್ಲ. ಡಿಸೆಂಬರ್ 7ರಂದು ನೋಟ್ ಪುಸ್ತಕದಲ್ಲಿ ಉತ್ತರದ ಚಳಿಗಾಳಿ, ಹಾರುವ ಹಿಮ ಅಂತ ಬರೆದಿಟ್ಟ. ಅದು ಆತನ ಕೊನೆಯ ದಾಖಲೆ. ನ್ಯುಮೋನಿಯಾ ಆಗಿ 23ರಂದು ಅದೇ ಮನೆಯಲ್ಲಿ ತೀರಿಕೊಂಡ. 66 ವರ್ಷ.

ಪುಸ್ತಕ ಜಪಾನಿನ ಹೊಕ್ಕೈಡೊವರೆಗೆ ಹೋಯಿತು. ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಉಕಿಚಿರೊ ನಕಾಯಾ ಎಂಬ ಯುವ ಭೌತವಿಜ್ಞಾನಿ ಹೊಸದಾಗಿ ಸೇರಿದ್ದರು. ತಾವು ಕಲಿತ ವಿಷಯದ ಪ್ರಯೋಗಕ್ಕೆ ಬೇಕಾದ ಸಲಕರಣೆ ಅಲ್ಲಿರಲಿಲ್ಲ, ಹಿಮ ಮಾತ್ರ ಬೇಕಾದಷ್ಟಿತ್ತು. ಬೆಂಟ್ಲಿಯ ಫೋಟೊಗಳನ್ನು ನೋಡಿ ಅವರೂ ಹಿಮದ ಫೋಟೊ ತೆಗೆಯಲು ಕೂತರು. ಸೊಟ್ಟ, ಮುರುಕು, ಅಂದಗೆಟ್ಟ ಹರಳುಗಳನ್ನೂ ಬಿಡದೆ ತೆಗೆದು ವಿಂಗಡಿಸಿದರು. ಆಮೇಲೆ ಹರಳನ್ನು ತಾವೇ ಬೆಳೆಸಲು ಹೊರಟರು. ಕೊರೆಯುವ ಪ್ರಯೋಗಾಲಯದಲ್ಲಿ, ತೇವದ ಗಾಳಿಯ ನಡುವೆ ಬೇರೆ ಬೇರೆ ಎಳೆಗಳನ್ನು ತೂಗಿಬಿಟ್ಟು ನೋಡಿದರು. ಎಳೆಯ ಉದ್ದಕ್ಕೂ ಮಂಜು ಮೆತ್ತಿಕೊಳ್ಳುತ್ತಿತ್ತೇ ಹೊರತು ಒಂಟಿ ಹರಳು ಕೂರುತ್ತಿರಲಿಲ್ಲ. 1936ರಲ್ಲಿ ಮೊಲದ ಕೂದಲೊಂದನ್ನು ಕಟ್ಟಿದರು. ಆ ಕೂದಲಿನಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳಿರುತ್ತವೆ. ಒಂದು ಗಂಟಿನ ಮೇಲೆ ಆರು ತೋಳಿನ ಹರಳು ಬೆಳೆಯಿತು, ಈ ಸಲ ಬೀಳುವ ಅವಸರವಿಲ್ಲದೆ.